ಮಡಚದ ಮೊಣಕಾಲು

"ಸಾಕ ಬಿಡ ಬನಶಂಕ್ರಿ, ಜೀವ ಹೋಗಾಕತ್ತೈತಿ" ಎಂದು ಅಂದಪ್ಪ ಮಂಚದ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದ. ಅವನ ಬಲಗಾಲಿನ ಹಿಮ್ಮಡಿ ಹೆಂಡತಿಯ ಅಂಗೈಯಲ್ಲಿತ್ತು. ಮೊಣಕಾಲಿನ ಮೇಲಿನ ಹೊಲಿಗೆ ಬಿಚ್ಚಿ ವಾರವಾಗಿದ್ದರೂ ಗಾಯ ಇನ್ನೂ ಕೆಂಪಗಿತ್ತು. ಹಿಮ್ಮಡಿಯನ್ನು ಮೆಲ್ಲಗೆ ಮೈಯ ಕಡೆ ತಳ್ಳುತ್ತ ಹೋಗಬೇಕು, ದಿನದಿನಕ್ಕೂ ಕಾಲು ಸ್ವಲ್ಪ ಸ್ವಲ್ಪ ಹೆಚ್ಚು ಮಡಚಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಬನಶಂಕರಿ ಇನ್ನೊಮ್ಮೆ ತಳ್ಳಿದಳು. ಗಂಡನ ಕಣ್ಣಲ್ಲಿ ನೀರು ಬಂತು. ಅವಳು ಕಾಲನ್ನು ಹಾಸಿಗೆಯ ಮೇಲೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಆವತ್ತು ಬಿಟ್ಟದ್ದು ಬರೀ ಕನಿಕರದಿಂದ. ಅದನ್ನು ಅವಳ ಲೆಕ್ಕಕ್ಕೆ ಬರೆದುಕೊಳ್ಳಲೇಬೇಕು, ಮುಂದಿನದನ್ನು ಹಾಗೆ ಹೇಳುವಂತಿಲ್ಲ.

ಅಂದಪ್ಪ ಬೆಟಗೇರಿಯ ನೇಕಾರ. ನಲವತ್ತು ದಾಟಿದರೂ ಹದಿನೆಂಟರ ಹುರುಪು. ಮಲ್ಲಸಮುದ್ರಕ್ಕೆ ಕಬಡ್ಡಿ ನೋಡಲು ಹೋದವನು ನೋಡಿಕೊಂಡು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆಳು ಕಡಿಮೆ ಬಿದ್ದರೆಂದು ಲುಂಗಿ ಬಿಚ್ಚಿಟ್ಟು ಚಡ್ಡಿಯಲ್ಲೇ ಕಣಕ್ಕಿಳಿದ. ಎದುರಿನವರು ಸೊಂಟ ಹಿಡಿದರು, ಮೈ ತಿರುಗಿತು, ಬಲಗಾಲು ಮಾತ್ರ ನೆಲ ಕಚ್ಚಿ ನಿಂತಿತು. ಒಳಗೆ ಏನೋ ಟಪ್ ಎಂದದ್ದು ಅವನಿಗೇ ಕೇಳಿಸಿತಂತೆ. ಕೆಲವು ದಿನ ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿ, ಯಾವುದೂ ಆಗದೆ ಸ್ಕ್ಯಾನ್ ಮಾಡಿಸಿದಾಗ ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟು ಪೂರ್ತಿ ಹರಿದಿದೆ ಎಂದರು. ತೊಡೆಯ ಹಿಂದಿನಿಂದ ಒಂದು ಎಳೆ ತೆಗೆದು ಹರಿದ ಜಾಗದಲ್ಲಿ ಕೂರಿಸಿದರು. ಆಪರೇಷನ್ ಏನೋ ಚೆನ್ನಾಗಿಯೇ ಆಯಿತು. ಉಳಿದದ್ದೆಲ್ಲ ಮನೆಯವರ ಕೈಯಲ್ಲಿದೆ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ತಬಸ್ಸುಮ ಮೇಡಂ ಬನಶಂಕರಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು.

"ಅಕ್ಕಾರ, ಅಣ್ಣಾರು ಚೀರ್ತಾರ, ಅಳ್ತಾರ, ನಿಮಗ ಬೈತಾರ. ನೀವು ಬಿಡಬ್ಯಾಡ್ರಿ. ಈಗ ಬಿಟ್ರ ಒಳಗ ಬಿಗದು ಕುಂದರತೈತಿ. ಮುಂದ ಯಾರ ಬಂದು ಒತ್ತಿದ್ರೂ ಮಡಚಂಗಿಲ್ಲ."

ಮಡಚದ ಕಾಲಿಗೆ ಕುಣಿಮಗ್ಗದಲ್ಲಿ ಜಾಗವಿಲ್ಲ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕುಳಿತು, ಎರಡೂ ಕಾಲನ್ನು ಕೆಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಒಂದು ಎಳೆ ಹೊಕ್ಕರೆ ಒಂದು ತುಳಿತ. ಅಂದಪ್ಪನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೆಯೇ ನಿಂತಿತ್ತು, ನೂಲು ಕೊಟ್ಟ ಸಾವಕಾರ ಮದುವೆಯ ಸೀರೆಯೆಂದು ಮತ್ತೆ ಮತ್ತೆ ಹೇಳಿ ಕಳಿಸುತ್ತಿದ್ದ. ಆದರೆ ಆ ಮನೆಯಲ್ಲಿ ಹೆಂಗಸರು ಕುಣಿಗೆ ಇಳಿದದ್ದಿಲ್ಲ. ಮಗ್ಗ ಗಂಡಸರ ಪಾಲು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ರಾಟಿ ಹೆಂಗಸರ ಪಾಲು. ಹೊಸ ಸೊಸೆ ಮನೆಗೆ ಬಂದ ದಿನ ಅವಳ ಕೈಯಿಂದ ರಾಟಿಗೆ ಕುಂಕುಮ ಹಚ್ಚಿಸಿ, ಮಗ್ಗಕ್ಕೆ ದೂರದಿಂದಲೇ ಕೈಮುಗಿಸುವುದು ಅತ್ತೆ ಚನ್ನಮ್ಮ ನಡೆಸಿಕೊಂಡು ಬಂದ ಪದ್ಧತಿ.

ಬನಶಂಕರಿಯೂ ಹಾಗೆ ಕೈಮುಗಿದವಳೇ. ಆದರೆ ಅವಳು ಶಿಗ್ಲಿಯ ನೇಕಾರನ ಮಗಳು. ಗಂಡುಮಕ್ಕಳಿಲ್ಲದ ಅಪ್ಪ ಅವಳನ್ನೇ ಕುಣಿಯಲ್ಲಿ ಕೂರಿಸಿ ಕಲಿಸಿದ್ದ. ಮದುವೆಯಾಗಿ ಬಂದ ಮೇಲೆ ವರ್ಷಗಟ್ಟಲೆ ರಾಟಿಯ ಮುಂದೆ ಕುಳಿತು ಗಂಡನ ಮಗ್ಗದ ಸಪ್ಪಳ ಕೇಳಿದ್ದಳು. ಎಲ್ಲಿ ಏಟು ಸಡಿಲ ಬಿತ್ತು, ಎಲ್ಲಿ ಸೀರೆಯ ಅಂಚಿನ ದಡಿ ಸೊಟ್ಟಾಯಿತು ಎಂದು ತಿರುಗಿ ನೋಡದೆಯೇ ಗೊತ್ತಾಗುತ್ತಿತ್ತು. ಹೇಳುವಂತಿರಲಿಲ್ಲ. ಹಾಡು ಬರುವವಳನ್ನು ಅಪಸ್ವರದ ಭಜನೆಗೆ ತಾಳ ಹಾಕಲು ಕೂರಿಸಿದಂತಿತ್ತು ಅವಳ ಬಾಳು.

ಸಾವಕಾರ ನೂಲು ವಾಪಸು ಕೇಳಿದಾಗ ಚನ್ನಮ್ಮ ಸೋತು, ಸೊಸೆ ಮಗ್ಗಕ್ಕೆ ಕೂರಲು ಒಪ್ಪಿದಳು. "ನನ್ನ ಮಗನ ಕಾಲು ನೆಟ್ಟಗಾಗೂತನಕ ಅಷ್ಟ" ಎಂದಳು. "ಆಮ್ಯಾಲೆ ಅವ ಮಗ್ಗಕ್ಕ, ನೀ ರಾಟಿಗೆ. ಈಗ ಹೇಳೇನಿ ನೋಡವಾ."

ಬನಶಂಕರಿ ಆಗಲಿ ಎಂದು ಕುಣಿಗೆ ಇಳಿದಳು. ಮೊದಲ ದಿನ ಸೊಂಟ ಹಿಡಿಯಿತು, ಎರಡು ದಿನದಲ್ಲಿ ಕಾಲಿಗೆ ಹಳೆಯ ನೆನಪು ಬಂತು. ಲಾಳಿ ಅತ್ತಿಂದಿತ್ತ ಓಡತೊಡಗಿದಾಗ ಅವಳಿಗೆ ಅಳು ಬಂತು. ಸಂತೋಷಕ್ಕೂ ಅಳು ಬರುತ್ತದೆಂದು ಅವಳಿಗೆ ಮರೆತೇ ಹೋಗಿತ್ತು. ಸೀರೆ ಮುಗಿದಾಗ ಸಾವಕಾರ ದಡಿಯ ಮೇಲೆ ಬೆರಳಾಡಿಸಿ, ಯಾರ ಕೈಯಿದು ಎಂದು ಕೇಳಿದ. ನಾಲ್ಕು ಎಳೆ ಇವಳು ಹಾಕಿದ್ದು, ಉಳಿದದ್ದೆಲ್ಲ ನನ್ನ ಮಗ ಮಾಡಿಟ್ಟದ್ದೇ ಎಂದು ಚನ್ನಮ್ಮ ಮುಂದೆ ಬಂದು ಹೇಳಿದಳು. ಮಂಚದ ಮೇಲಿದ್ದ ಅಂದಪ್ಪ ಮಾತ್ರ ನಕ್ಕು, ಅರ್ಧಕ್ಕೂ ಹೆಚ್ಚು ಆಕೆಯದೇ ಸಾವಕಾರ್ರ ಎಂದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬನಶಂಕರಿಗೆ ಮುಂದಿನದೆಲ್ಲ ಎಷ್ಟೋ ಸುಲಭವಾಗುತ್ತಿತ್ತು.

ಸಾವಕಾರ ಇನ್ನೊಂದು ಸೀರೆಯ ಹಾಸುನೂಲು ಕಳಿಸಿದ. ಈ ಸಲದ್ದು ನಯವಾದ ನೂಲು, ಅಗಲ ದಡಿ. ಅದಾದ ಮರುದಿನ ಬೆಳಿಗ್ಗೆ ವ್ಯಾಯಾಮ ಮಾಡಿಸುವಾಗ ಅಂದಪ್ಪನ ಕಾಲು ಹಿಂದಿನ ದಿನಕ್ಕಿಂತ ನಾಲ್ಕು ಬೆರಳು ಹೆಚ್ಚು ಮಡಚಿತು. "ನೋಡ, ಬಂತು" ಎಂದು ಅವನು ಹುಡುಗನಂತೆ ಹಿಗ್ಗಿದ. ಬನಶಂಕರಿಯ ಕಣ್ಣು ಮಗ್ಗದ ಕಡೆ ಹೋಯಿತು. ಗಂಡನ ಕಾಲು ಸುಧಾರಿಸಿದ್ದಕ್ಕೆ ತನಗೆ ಯಾಕೆ ಹಿಗ್ಗಾಗಲಿಲ್ಲ ಎಂದು ಅವಳು ಬಚ್ಚಲಿಗೆ ಹೋಗಿ ನಿಂತು ಕೇಳಿಕೊಂಡಳು. ಉತ್ತರ ಕೂಡಲೇ ಸಿಕ್ಕಿತು. ಆ ಉತ್ತರಕ್ಕೆ ಅಂಜಿ ಮುಖ ತೊಳೆದುಕೊಂಡು ಬಂದಳು.

ಅಂದಿನಿಂದ ಅವಳು ಒಂದು ದಿನವೂ ವ್ಯಾಯಾಮ ತಪ್ಪಿಸಲಿಲ್ಲ. ಬೆಳಿಗ್ಗೆ ಸಂಜೆ ಹಿಮ್ಮಡಿ ಹಿಡಿದು ಕೂರುತ್ತಿದ್ದಳು. ಕಾಲು ಸುಲಭವಾಗಿ ಬರುವಷ್ಟು ತಳ್ಳುತ್ತಿದ್ದಳು. ನೋವು ಶುರುವಾಗುವ ಜಾಗ ಅವಳ ಕೈಗೆ ಚೆನ್ನಾಗಿ ಗೊತ್ತಾಗಿತ್ತು, ಅಲ್ಲಿಗೆ ಬಂದ ಕೂಡಲೇ ಅಂದಪ್ಪ ಸಾಕು ಎನ್ನುತ್ತಿದ್ದ, ಇವಳು ಬಿಡುತ್ತಿದ್ದಳು. ಅವನು ನೋವಿಗೆ ಮೊದಲಿಂದ ಅಳ್ಳೆದೆಯವನು, ಮುಟ್ಟುವ ಮೊದಲೇ ಚೀರುತ್ತಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಚನ್ನಮ್ಮ ಆ ಚೀರಾಟ ಕೇಳಿ, ಸೊಸೆ ಚೆನ್ನಾಗಿಯೇ ಒತ್ತುತ್ತಿದ್ದಾಳೆ ಎಂದು ಸಮಾಧಾನಪಡುತ್ತಿದ್ದಳು. ಬಿಡು ಅಂದ, ಬಿಟ್ಟೆ, ನಾನೇನು ಮಾಡಿದೆ ಎಂದು ಬನಶಂಕರಿ ಹಲಗೆ ತುಳಿಯುತ್ತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಗ್ಗದ ಸಪ್ಪಳ ಜೋರಾಗಿದ್ದರೆ ಮನಸ್ಸಿನ ಮಾತು ಅಷ್ಟಾಗಿ ಕೇಳುವುದಿಲ್ಲ. ಅವಳು ಹಗಲೆಲ್ಲ ನೇಯ್ದಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತಬಸ್ಸುಮ ಕಾಲಿಗೆ ಅಳತೆಪಟ್ಟಿ ಹಿಡಿದು ನೋಡಿದಳು. ಹಿಡಿದು ಒತ್ತಿದಳು. ಕಾಲು ಅರ್ಧಕ್ಕೆ ಬಂದು ಕಟ್ಟಿಗೆಯಂತೆ ನಿಂತಿತು. ಅಂದಪ್ಪ ಬೆವತುಹೋದ. ಅವಳು ಪಟ್ಟಿ ಕೆಳಗಿಟ್ಟು ಬನಶಂಕರಿಯ ಕಡೆ ತಿರುಗಿ, ದಿನಾ ಮಾಡಿಸಿದಿರೇನು ಎಂದು ಕೇಳಿದಳು. ಬನಶಂಕರಿಗಿಂತ ಮೊದಲು ಗಂಡನೇ ಬಾಯಿ ಹಾಕಿದ.

"ಮೇಡಂ, ಆಕಿಗೆ ಏನೂ ಅನಬ್ಯಾಡ್ರಿ. ಒಂದ ದಿನಾನೂ ತಪ್ಪಿಸಿಲ್ಲ. ನಾ ನೋವಾಕ್ಕೈತಿ ಅಂದ್ರ ತಡಕೊಳ್ಳಾಕ ಆಗದ ಬಿಡ್ತಿದ್ಲು, ಅಷ್ಟ. ನಮ್ಮವ್ವಾದ್ರೂ ನನ್ನ ಇಷ್ಟು ಅಂತಃಕರಣದ್ಲೆ ನೋಡಕೋತಿದ್ದಿಲ್ಲ."

ತಬಸ್ಸುಮ ಬನಶಂಕರಿಯನ್ನು ನೋಡಿದಳು, ಆ ನೋಟ ಬೈಗುಳಕ್ಕಿಂತ ಕೆಟ್ಟದಾಗಿತ್ತು. ಆಮೇಲೆ ಇಬ್ಬರಿಗೂ ತಿಳಿಯುವಂತೆ ಹೇಳಿದಳು. ಡಾಕ್ಟರರಿಗೆ ತೋರಿಸಿದರೆ ಇನ್ನೊಮ್ಮೆ ಮೈಮರೆಸಿ, ಒಳಗೆ ಬಿಗಿದದ್ದನ್ನು ಬಿಡಿಸಿ ಕಾಲು ಮಡಚಿಸುತ್ತಾರೆ. ಈಗಲೇ ಆಗಬೇಕು, ತಡ ಮಾಡಿದರೆ ಅದೂ ಕಷ್ಟ. ಆದರೆ ಅದಾದ ಮೇಲೆ ಯಾರಾದರೂ ಕಲ್ಲುಮನಸ್ಸು ಮಾಡಿ ದಿನವೂ ಒತ್ತಲೇಬೇಕು.

ಅಂದಪ್ಪ ಎರಡೂ ಕೈ ಮುಗಿದ. ಇನ್ನು ತನ್ನ ಕೈಲಾಗದು, ಬೇಕಾದರೆ ಹೀಗೆಯೇ ಇರುತ್ತೇನೆ ಎಂದ. ಮಾಡಿಸೋಣ, ಈ ಸಲ ನಾನು ಸರಿಯಾಗಿ ಒತ್ತುತ್ತೇನೆ ಎಂಬ ಮಾತು ಬನಶಂಕರಿಯ ಗಂಟಲಿನವರೆಗೆ ಬಂತು. ಹೆಂಡತಿ ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಅವನು ಕೇಳುತ್ತಿದ್ದ, ಅದು ಅವಳಿಗೂ ಗೊತ್ತಿತ್ತು. ಅವಳು ಬಗ್ಗಿ ಅವನ ಚಪ್ಪಲಿ ತೆಗೆದು ಕಾಲಿಗೆ ಹಾಕಿದಳು.

ಮನೆಯಲ್ಲಿ ಚನ್ನಮ್ಮ ಎದೆ ಎದೆ ಬಡಿದುಕೊಂಡು ಆಸ್ಪತ್ರೆಯವರಿಗೆಲ್ಲ ಶಾಪ ಹಾಕಿದಳು. ಅಂದಪ್ಪ ತಾಯಿಯನ್ನು ಸುಮ್ಮನಾಗಿಸಿ, "ಯವ್ವಾ, ಇನ್ನ ಮಗ್ಗ ಆಕೀದು. ಆಕಿ ನನಗ ಮಾಡಿದ್ದಕ್ಕ ನಾ ಇಷ್ಟರ ಕೊಡಬೇಕು" ಎಂದ. ಬನಶಂಕರಿ ಮದುವೆಯಾದಂದಿನಿಂದ ಕಾದ ಮಾತದು. ಕಿವಿಗೆ ಬಿತ್ತು. ಸಿಹಿ ಹತ್ತಲಿಲ್ಲ. ಅತ್ತೆಯ ಅಳುವನ್ನು ಕೇಳುತ್ತ ಅವಳು ಕತ್ತು ತಗ್ಗಿಸಿ ನಿಂತಳು, ನೋಡಿದವರಿಗೆ ಅದು ನಾಚಿಕೆಯಂತೆಯೇ ಕಂಡಿರಬೇಕು.

ಮರುದಿನ ಅಂದಪ್ಪ ಗೋಡೆಗೆ ಒರಗಿ, ಕಾಲನ್ನು ನೆಟ್ಟಗೆ ಮುಂದೆ ಚಾಚಿ, ರಾಟಿ ಎಳೆದುಕೊಂಡು ಕುಳಿತ. ಸುಮ್ಮನೆ ಕೂತು ಉಣ್ಣುವುದಕ್ಕಿಂತ ಇದಾದರೂ ಆಗಲಿ ಎಂದ. ಗಂಡಸು ರಾಟಿಗೆ ಕುಂತನೆಂದು ಓಣಿಯವರು ನಗುತ್ತಾರೆ ಎಂದು ತಾಯಿ ಹೇಳಿದರೂ ಕೇಳಲಿಲ್ಲ. ಬಹಳ ಹೊತ್ತು ಒದ್ದಾಡಿ ಮೊದಲ ಕಂಡಿಕೆ ಸುತ್ತಿ, ಅಂಗೈಯಲ್ಲಿಟ್ಟುಕೊಂಡು ಚಾಚಿದ.

"ಬಿಗಿ ಐತೇನು ನೋಡು."

ಮುಟ್ಟಿದ ಕೂಡಲೇ ಗೊತ್ತಾಯಿತು, ನೂಲು ಸಡಿಲವಿತ್ತು. "ಚಲೋ ಐತ್ರಿ" ಎಂದು ಬನಶಂಕರಿ ಅದನ್ನೇ ಲಾಳಿಗೆ ಹಾಕಿಕೊಂಡಳು. ನಾಲ್ಕಾರು ಸಲ ಓಡಿದ ಮೇಲೆ ಎಳೆ ಜಾರಿ ಸಿಕ್ಕುಬಿದ್ದು ಕಡಿಯಿತು. ಮಗ್ಗ ನಿಂತಿತು.

"ನನ್ನ ಕಂಡಿಕೀದ ತಪ್ಪೇನು?" ಅಂದಪ್ಪ ಕೇಳಿದ.

"ಅಲ್ರಿ. ತಪ್ಪು ನಂದ."

"ನಿಂದ್ಯಾವಾಗ ತಪ್ಪತೈತಿ" ಎಂದು ಅವನು ನಕ್ಕ.

ಬನಶಂಕರಿ ತಲೆ ಎತ್ತಲಿಲ್ಲ. ಕಡಿದ ಎಳೆಯ ತುದಿಗಳನ್ನು ಹುಡುಕಿ ಕೂಡಿಸಿ ಮತ್ತೆ ಹಲಗೆ ತುಳಿದಳು. ಸೀರೆಯೊಳಗೆ ಅವಳ ಮೊಣಕಾಲು ಮಡಚುತ್ತ ಚಾಚುತ್ತ ಏರಿಳಿಯುತ್ತಿತ್ತು. ಅಂದಪ್ಪ ರಾಟಿಯ ಮೇಲೆ ಕೈ ಇಟ್ಟುಕೊಂಡು ಅದನ್ನೇ ನೋಡುತ್ತ ಕುಳಿತಿದ್ದ.