ಮೋಟಾರು ಗರಗಸಕ್ಕೆ ಕೀಲೆಣ್ಣೆ

ಕೀಲೆಣ್ಣೆ ಮಾಡುವುದರಲ್ಲಿ ಜಟ್ಟಪ್ಪನನ್ನು ಮೀರಿಸುವವರು ಮತ್ತಿಘಟ್ಟದಲ್ಲಿ ಯಾರೂ ಇರಲಿಲ್ಲ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅವನು ಗಾಡಿಯ ಅಚ್ಚಿಗೆ ಬಳಿದನೆಂದರೆ, ಶಿರಸಿ ಪೇಟೆಗೆ ಹೋಗಿ ಬರುವ ತನಕ ಚಕ್ರ ಕಿರ್ ಅನ್ನುತ್ತಿರಲಿಲ್ಲ. ಈ ಹೆಮ್ಮೆಯೇ ಅವನನ್ನು ಹಳ್ಳಕ್ಕೆ ಕೆಡವಿತು ಅನ್ನಿ.

ಅರವತ್ತೆರಡನೇ ಇಸವಿಯ ಮಾಗಿಯಲ್ಲಿ ಬನವಾಸಿ ಕಡೆಯ ಚಂದ್ರಶೇಖರಪ್ಪ ಸಾಹುಕಾರರು ಯಲ್ಲಾಪುರದ ಕಾಡಿನಲ್ಲಿ ಮರ ಕಡಿಯುವ ಗುತ್ತಿಗೆ ಹಿಡಿದು, ಮುಂಬಯಿಯಿಂದ ಒಂದು ಮೋಟಾರು ಗರಗಸ ತರಿಸಿದ್ದರು. ಇಬ್ಬರು ಹಿಡಿಯುವ ಗರಗಸ. ತುದಿಯ ಹಿಡಿಕೆಗೆ ಜೊತೆಯ ಕೂಲಿಯಾಳು ಮಾದೇವ, ಮೋಟಾರಿನ ಕಡೆಗೆ ಜಟ್ಟಪ್ಪ. ಇಪ್ಪತ್ತು ವರ್ಷ ಕೈಗರಗಸ ಎಳೆದು ಬೆನ್ನು ಬಗ್ಗಿದವನು ಜಟ್ಟಪ್ಪ. ಮೊದಲ ದಿನ ಮೋಟಾರಿನ ಗುಡುಗು ತೋಳಿನಿಂದ ಎದೆಗೆ ಇಳಿದಾಗ ಖುಷಿ ತಡೆಯಲಾರದೆ ಒಬ್ಬನೇ ನಕ್ಕಿದ್ದ. ಗಂಜಿ ಬೇಯಿಸಲು ಜೊತೆಗೆ ಬಂದಿದ್ದ ಹೆಂಡತಿ ಗಂಗೆಗೆ ಮೂರು ಸಲ ಅದನ್ನೇ ಹೇಳಿದ್ದ.

ಗರಗಸದಲ್ಲಿ ಹೆಬ್ಬೆಟ್ಟಿನಿಂದ ಒತ್ತುವ ಒಂದು ಗುಂಡಿಯಿತ್ತು. ಒತ್ತಿದರೆ ಡಬ್ಬಿಯ ಎಣ್ಣೆ ಸಣ್ಣ ತೂತಿನ ಮೂಲಕ ಉದ್ದನೆಯ ಉಕ್ಕಿನ ಪಟ್ಟಿಗೆ ಇಳಿದು, ಅದರ ಸುತ್ತ ಓಡುವ ಹಲ್ಲಿನ ಚೈನನ್ನು ನುಣುಪಾಗಿ ಇಡುತ್ತಿತ್ತು. ಆ ಎಣ್ಣೆ ನೀರಿನಂತೆ ತೆಳ್ಳಗಿತ್ತು, ಜಟ್ಟಪ್ಪನಿಗೆ ಸಮಾಧಾನವಾಗಲಿಲ್ಲ. ಮೆಲ್ಲಗೆ ಉರುಳುವ ಗಾಡಿಗೇ ಮಂದ ಎಣ್ಣೆ ಬೇಕು, ಹುಚ್ಚು ಹಿಡಿದಂತೆ ಓಡುವ ಚೈನಿಗೆ ಈ ನೀರು ಸಾಕೇ? ಯಾರಿಗೂ ಹೇಳದೆ ತನ್ನ ಕೀಲೆಣ್ಣೆಯನ್ನು ಡಬ್ಬಿಗೆ ಸುರಿದ.

ಮರುದಿನ ಬೆಳಿಗ್ಗೆ ಚೈನು ಮತ್ತಿಮರದ ದಿಮ್ಮಿಯಲ್ಲಿ ನಾಲ್ಕು ಬೆರಳು ಇಳಿದಿತ್ತೋ ಇಲ್ಲವೋ, ಪಟ್ಟಿಯಿಂದ ಹೊಗೆ ಎದ್ದಿತು. ತಣಿಸಿ ಹಿಡಿದರು, ಮತ್ತೆ ಹೊಗೆ. ಮೂರನೇ ಸಲ ಚೈನು ಕಚ್ಚಿಕೊಂಡು ನಿಂತೇಬಿಟ್ಟಿತು.

ಸಾಹುಕಾರರ ಮುಖ ಕೆಂಪಾಯಿತು. "ಎಣ್ಣಿ ಡಬ್ಬ್ಯಾಗ ಯಾರರ ಏನರ ಹಾಕೀರೇನು? ಹಾಕಿದಾವ ಇವತ್ತೇ ಕಂಬಳಿ ಹೆಗಲಿಗೆ ಹಾಕ್ಕೊಂಡು ನಡೀಲಿ. ಯಾರೂ ಹಾಕಿಲ್ಲಂದ್ರ ಮಷೀನ್ದ ದೋಷ. ಮಧ್ಯಾಹ್ನದ ಲಾರಿಗೆ ಹೇರಿ ವಾಪಸ್ ಕಳಸ್ತೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಜಟ್ಟಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡ. ಆ ಕಪ್ಪು ಬೆರಳು ಗಂಗೆಯ ಕಣ್ಣಿಗೆ ಬಿದ್ದವು.

"ಎಂತ ಹಾಕಿದ್ರಿ?" ಅಂದಳು ಪಿಸುದನಿಯಲ್ಲಿ. "ಹುಲ್ಲಿನ ಕರಿ ಅಷ್ಟು ಸಣ್ಣ ತೂತಲ್ಲಿ ಹೊಕ್ತದೆ ಅಂದ್ಕಂಡ್ರಾ? ಸೋಸಿಯಾದ್ರೂ ಹಾಕೂಕೆ ಆಗ್ಲಿಲ್ವಾ?"

ಜಟ್ಟಪ್ಪನ ತಲೆಗೆ ಥಟ್ಟನೆ ಹೊಳೆಯಿತು. ಮೋಟಾರು ಸರಿಯಿದೆ, ತೂತು ಕಟ್ಟಿದೆ, ಅರ್ಧ ಗಂಟೆಯ ಕೆಲಸ. ಆದರೆ ಬಾಯಿ ಬಿಟ್ಟರೆ ಹಿಡಿಕೆ ಹೋಯಿತು, ಬಿಡದಿದ್ದರೆ ಗರಗಸವೇ ಹೋಯಿತು. ಅಷ್ಟರಲ್ಲಿ ಘಟ್ಟದ ತಿರುವಿನಲ್ಲಿ ಲಾರಿಯ ಸದ್ದು ಕೇಳಿಸಿತು. ಆ ಜೀವದಂಥ ಯಂತ್ರಕ್ಕೆ ಕೆಟ್ಟ ಹೆಸರು ಹೊರಿಸಿ ಕಳಿಸುವುದು ಅವನಿಂದಾಗಲಿಲ್ಲ.

"ನಾನೇ ಹಾಕಿದ್ದು ಸಾವ್ಕಾರ್ರೇ. ಕೀಲೆಣ್ಣೆ. ಅರ್ಧ ತಾಸು ಕೊಡಿ, ಸರಿ ಮಾಡಿಟ್ಟು ಹೋಗ್ತೆ."

ಸಾಹುಕಾರರು ಗರಗಸದ ಕಡೆ ಕೈ ತೋರಿಸಿದರು. ಜಟ್ಟಪ್ಪ ಪಟ್ಟಿ ಬಿಚ್ಚಿ, ಪೊರಕೆಯ ಹಿಡಿಕಡ್ಡಿ ಸೀಳಿ ತೂತಿಗೆ ತೂರಿಸಿದ. ಕಪ್ಪು ಗಸಿ ಉಂಡೆಯುಂಡೆಯಾಗಿ ಹೊರಬಂತು. ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದ. ಗಂಗೆ ಹಳೇ ಪಂಚೆಯ ತುಂಡು ಹರಿದು ಡಬ್ಬಿಯ ಬಾಯಿಗೆ ಬಿಗಿದು ಕಟ್ಟಿದಳು. "ಇನ್ನು ಯಾವ ಜಾಣ ಎಂತ ಸುರಿದ್ರೂ ಕಸ ಒಳಗೆ ಹೋಗೂದಿಲ್ಲ," ಅಂದಳು. ಆ ಬಟ್ಟೆಯ ಮೇಲೇ ಮುಂಬಯಿಯ ತೆಳ್ಳನೆಯ ಎಣ್ಣೆ ಹೊಯ್ದರು.

"ಮಾದೇವ, ಮೋಟಾರಿನ ಕಡೆ ನೀ ಹಿಡಿ," ಅಂದರು ಸಾಹುಕಾರರು. ಬೇರೊಬ್ಬ ತುದಿ ಹಿಡಿದ. ಜಟ್ಟಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡ, ಆದರೆ ಕಾಲು ಏಳಲಿಲ್ಲ. ಮೋಟಾರು ಗುಡುಗಿತು. ಎಣ್ಣೆ ಬಂದರೆ ಪಟ್ಟಿಯ ತುದಿಯಿಂದ ಸಿಡಿಯಬೇಕು. ಮಾದೇವ ಗುಂಡಿ ಒತ್ತಿದ, ಒಂದು ಹನಿಯೂ ಇಲ್ಲ. ಸಾಹುಕಾರರು ಮಾರು ದೂರದಿಂದ ಬಗ್ಗಿ ನೋಡಿದರು.

ಜಟ್ಟಪ್ಪನಿಗೆ ತಡೆಯಲಾಗಲಿಲ್ಲ. "ಒಳಗೆ ಗಾಳಿ ಸಿಕ್ಕಂಡದೆ ಮಾರಾಯ! ನಿಲ್ಲಿಸ್ಬೇಡ, ಬೆನ್ನಬೆನ್ನಿಗೆ ಒತ್ತು!"

ಮಾದೇವ ಪಟಪಟನೆ ಹತ್ತು ಸಲ ಒತ್ತಿದ. ಹನ್ನೊಂದನೆಯದಕ್ಕೆ ಎಣ್ಣೆ ಸಿಡಿಯಿತು, ಸಾಹುಕಾರರ ಬಿಳಿ ಅಂಗಿಯಿಂದ ಮೀಸೆಯವರೆಗೆ ಉದ್ದಕ್ಕೆ ಒಂದು ಗೆರೆ. ಮಾದೇವ ಮೋಟಾರು ನಿಲ್ಲಿಸಿದ.

ಅವರು ಮೀಸೆ ಒರೆಸಿಕೊಂಡು ಬೆರಳು ನೋಡಿಕೊಂಡರು. "ಎಣ್ಣಿ ಬಂದಾಗ ಕಣ್ಣು ಮುಚ್ಚಿಕೊಂಡ್ರಂತ. ತಪ್ಪ ಒಪ್ಪಿ ಮಷೀನ್ ಸರಿ ಮಾಡೋ ಇಂಥಾ ಮನಶಾನ್ನ ಕಳಿಸಿದ್ರ ಮಂದಿ ನನಗೂ ಹಂಗ ಅಂತಾರ. ಕಂಬಳಿ ಇಳಸೋ ಜಟ್ಟಪ್ಪ."

ಜಟ್ಟಪ್ಪನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಎಲ್ಲಿದೆ? ಎರಡೂ ಆಗಲೇ ಹಿಡಿಕೆಯ ಮೇಲಿದ್ದವು.