ಎತ್ತಿದ ಕೈ

ಶಿರೊಜು ಮೇಷ್ಟ್ರು ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗಿಯರಿಗೆ ಮೊದಲು ಕಲಿಸುತ್ತಿದ್ದದ್ದು ಚೆಂಡು ಹಿಡಿಯುವುದನ್ನಲ್ಲ, ಕೈ ಎತ್ತುವುದನ್ನು. ಸೀಟಿ ಊದಿದಾಗ ಫೌಲ್ ನಿಮ್ಮದಾಗಿದ್ದರೆ, ರೆಫರಿ ನಿಮ್ಮತ್ತ ತಿರುಗುವ ಮೊದಲೇ ನಿಮ್ಮ ಬಲಗೈ ನೆಟ್ಟಗೆ ಮೇಲಿರಬೇಕು. ನಿಯಮಗಳ ಪುಸ್ತಕದಿಂದ ಈ ಪದ್ಧತಿ ಬಿಟ್ಟುಹೋಗಿ ಎಷ್ಟೋ ವರ್ಷಗಳಾದವು. ಉಳಿದ ಕಾಲೇಜಿನವರು ಈಗ ಸೀಟಿ ಕೇಳಿದೊಡನೆ ಎರಡೂ ಅಂಗೈ ಚಾಚಿ, ಹುಬ್ಬೇರಿಸಿ, ಏನೂ ಅರಿಯದವರಂತೆ ನಿಲ್ಲುತ್ತಾರೆ. ಜಪಾನಿನ ಮೋಜಿ ಬಂದರಿನ ನಮ್ಮ ಕಾಲೇಜಿನಲ್ಲಿ ಮಾತ್ರ ಹಳೆಯದು ಹಾಗೇ ಉಳಿದಿತ್ತು.

"ರೆಫರಿ ಏನು ಪೊಲೀಸಾ, ನಿಮ್ಮನ್ನ ಹುಡುಕ್ಕೊಂಡು ಓಡಾಡೋಕೆ?" ಎನ್ನುತ್ತಿದ್ದರು ಮೇಷ್ಟ್ರು. "ಮಾಡಿದೋಳು ತಾನೇ ಹೇಳ್ಬೇಕು. ಅಷ್ಟೂ ಆಗಲ್ಲ ಅಂದ್ರೆ ಬೇರೆ ಆಟ ನೋಡ್ಕೊಳ್ಳಿ."

ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಚಿಗುಸಾ. ನಾಲ್ಕನೇ ವರ್ಷದ ವಿದ್ಯಾರ್ಥಿನಿ, ತಂಡದ ನಾಯಕಿ, ನಾಯಕಿಯರ ವಾಡಿಕೆಯಂತೆ ನಾಲ್ಕನೇ ನಂಬರಿನ ಜರ್ಸಿ. ಎದುರಾಳಿ ಬುಟ್ಟಿಯತ್ತ ನುಗ್ಗಿ ಬಂದರೆ ಅಡ್ಡ ಹೋಗದೆ ಇರುವುದು ಅವಳಿಗೆ ಬರುತ್ತಿರಲಿಲ್ಲ. ಹಾಗಾಗಿ ಫೌಲ್ ಮಾಡುವುದರಲ್ಲಿ ಎತ್ತಿದ ಕೈ. ಒಪ್ಪಿಕೊಳ್ಳುವುದರಲ್ಲಂತೂ ಅಕ್ಷರಶಃ ಎತ್ತಿದ ಕೈ.

ನಾನು ಶಿಹೋ, ತಂಡದ ಮ್ಯಾನೇಜರ್. ಎಂದರೆ ನೀರಿನ ಬಾಟಲಿ, ಟವೆಲ್, ಬ್ಯಾಂಡೇಜುಗಳ ಉಸ್ತುವಾರಿ ನನ್ನದು. ಓದುತ್ತಿದ್ದದ್ದು ಶರೀರಶಾಸ್ತ್ರ. ಒಮ್ಮೆ ಪ್ರಯೋಗದ ತರಗತಿಗೆಂದು ಇಡೀ ತಂಡದ ಕೈಚುರುಕನ್ನು ಅಳೆದಿದ್ದೆ. ಸ್ಕೇಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ನೇತುಬಿಟ್ಟು, ಹೇಳದೆ ಬಿಟ್ಟುಬಿಡುವುದು. ಎಷ್ಟು ಜಾರಿದ ಮೇಲೆ ಹಿಡಿದರು ಎಂದು ನೋಡುವುದು. ಚಿಗುಸಾ ಅದರಲ್ಲಿ ತೀರ ಸಾಧಾರಣ. ಆದರೆ ಸೀಟಿಗೆ ಅವಳ ಕೈ ಮೇಲೇಳುತ್ತಿದ್ದದ್ದು, ವೈದ್ಯರು ಮೊಣಕಾಲ ಕೆಳಗೆ ತಟ್ಟಿದಾಗ ಕಾಲು ಚಿಮ್ಮುವ ಹಾಗೆ. ಮಿದುಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಐದು ಫೌಲ್ ಆದವಳು ಅಂಕಣ ಬಿಟ್ಟು ಹೊರಗೆ ಬರಬೇಕು, ಆ ಪಂದ್ಯದಲ್ಲಿ ಮತ್ತೆ ಒಳಗೆ ಹೋಗುವಂತಿಲ್ಲ. ಪ್ರತಿ ನವೆಂಬರ್‌ನಲ್ಲಿ ಹಕಾತಾದಲ್ಲಿ ಏಷ್ಯಾದ ಎಂಟು ವಿಶ್ವವಿದ್ಯಾಲಯ, ಕಾಲೇಜುಗಳ ಮಹಿಳಾ ತಂಡಗಳ ಪಂದ್ಯಾವಳಿ ನಡೆಯುತ್ತದೆ. ಹಿಂದಿನ ವರ್ಷ ನಾವು ಫೈನಲ್ ತಲುಪಿದ್ದೆವು. ಚಿಗುಸಾ ಐದನೇ ಫೌಲ್ ಮಾಡಿ ಹೊರಬಂದು, ಟವೆಲನ್ನು ತಲೆಯ ಮೇಲೆ ಮುಸುಕು ಹಾಕಿಕೊಂಡು ಬೆಂಚಿನಲ್ಲಿ ಕುಳಿತಳು. ನಾವು ಸೋತೆವು. ಕೊನೆಯ ಹಾರ್ನ್ ಅವಳಿಗೆ ಕೇಳಿಸಿತೇ ಹೊರತು ಏನೂ ಕಾಣಿಸಲಿಲ್ಲ.

ಈ ವರ್ಷ ಅವಳಿಗೆ ಕೊನೆಯದು. ಏಪ್ರಿಲ್‌ನಿಂದ ಕಡಲಗಂಡಿಯ ಆಚೆ ದಡದ ಶಿಮೊನೊಸೆಕಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಕೆಲಸ. ಹಕಾತಾಗೆ ಹೋಗುವ ರೈಲಿನಲ್ಲಿ, ಖಾರದ ಮೀನುಮೊಟ್ಟೆ ತುಂಬಿದ ಅನ್ನದುಂಡೆ ಬಿಚ್ಚುತ್ತಾ ನನ್ನೊಡನೆ ಹೇಳಿದಳು:

"ಕಪ್ ಯಾರಿಗೆ ಬೇಕಾದ್ರೂ ಹೋಗ್ಲಿ ಕಣೇ ಶಿಹೋ. ಕೊನೇ ಹಾರ್ನ್ ಆಗೋವಾಗ ನಾನು ಕೋರ್ಟ್ ಒಳಗೆ ನಿಂತಿರ್ಬೇಕು. ಅಷ್ಟೇ ನಂಗೆ ಬೇಕಿರೋದು."

ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾಳೆಂದು ನಾವಂದುಕೊಂಡಿದ್ದ ಮಿನೋರಿ ಅದನ್ನು ಕೇಳಿಸಿಕೊಂಡಿದ್ದಳು. ಮೊದಲ ವರ್ಷದ ಹುಡುಗಿ, ತಂಡದಲ್ಲಿ ಎಲ್ಲರಿಗಿಂತ ಕುಳ್ಳಿ, ಎಲ್ಲರಿಗಿಂತ ಬಾಯಿ ಜಾಸ್ತಿ.

ಸೆಮಿಫೈನಲ್‌ನ ಹಿಂದಿನ ಸಂಜೆ, ಚಿಗುಸಾ ಸ್ನಾನಕ್ಕೆ ಹೋಗಿದ್ದ ಹೊತ್ತು ನೋಡಿ, ಮಿನೋರಿ ಉಳಿದವರನ್ನೆಲ್ಲ ವಸತಿಗೃಹದ ನಮ್ಮ ಕೋಣೆಗೆ ಸೇರಿಸಿದಳು.

"ಶಿಹೋ ಅಕ್ಕ, ನೀವು ಅಳತೆ ಮಾಡಿದೋರು, ನೀವೇ ಹೇಳಿ. ಚಿಗುಸಕ್ಕನ ಕೈಗಿಂತ ಮುಂಚೆ ನಮ್ ಕೈ ಎತ್ತೋಕಾಗತ್ತಾ?"

"ಯಾಕೆ?"

"ಅಕ್ಕಂಗೆ ನಾಲ್ಕು ಫೌಲ್ ಆದ್ಮೇಲೆ, ಐದನೇದನ್ನ ಪಕ್ಕದಲ್ಲಿರೋಳು ತಗೊಂಡ್ಬಿಡೋದು. ನನ್ ಐದೂ ಹೇಗೂ ಖಾಲಿ ಬಿದ್ದಿರತ್ತೆ."

"ಫೌಲ್ ಏನು ಬಸ್ಸಲ್ಲಿ ಸೀಟೇನೇ, ಬಿಟ್ಕೊಡೋಕೆ?" ಎಂದಳು ರಿತ್ಸು. ತಂಡದಲ್ಲಿ ಅತಿ ಎತ್ತರದವಳು, ಮಾತು ಕಡಿಮೆ. "ಮೇಷ್ಟ್ರಿಗೆ ಗೊತ್ತಾದ್ರೆ ಮೋಜಿವರೆಗೂ ನಡೆಸ್ಕೊಂಡು ಹೋಗ್ತಾರೆ."

ಮಿನೋರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇದು ಸರಿಯೇ ಎಂದು ಅವಳು ಕೇಳಿರಲಿಲ್ಲ, ಆಗುತ್ತದೆಯೇ ಎಂದಷ್ಟೇ ಕೇಳಿದ್ದಳು. ನಾನೂ ಅಷ್ಟಕ್ಕೇ ಉತ್ತರ ಕೊಟ್ಟೆ.

"ಸೀಟಿ ಕೇಳಿ, ರೆಫರಿ ಕಡೆ ನೋಡಿ, ಯಾರದು ಅಂತ ಯೋಚನೆ ಮಾಡಿ ಎತ್ತಿದ್ರೆ ಅವಳ ಕೈ ಆಗ್ಲೇ ಮೇಲಿರತ್ತೆ. ನೋಡ್ಲೇಬೇಡಿ. ಸೀಟಿ ಅಂದ್ರೆ ಕೈ. ಮಧ್ಯದಲ್ಲಿ ಏನೂ ಇರ್ಬಾರ್ದು."

ರಿತ್ಸು ಬಾಯಲ್ಲೇ ಸೀಟಿ ಹಾಕಿದಳು. ಕೈಗಳು ಎದ್ದವು. ಇಳಿದವು. ಮತ್ತೆ ಸೀಟಿ. ಚಾಪೆಯ ಮೇಲೆ ಕುಳಿತೇ ಅಭ್ಯಾಸ ನಡೆಯುತ್ತಿರುವಾಗ ಬಾಗಿಲು ಸರಿಯಿತು. ಒದ್ದೆ ಕೂದಲು ಒರೆಸಿಕೊಳ್ಳುತ್ತಾ ಚಿಗುಸಾ ನಿಂತಿದ್ದಳು.

"ಏನ್ರೇ ಇದು, ಎಲ್ರೂ ಕಂಕುಳು ಒಣಗಿಸ್ಕೊಳ್ತಿದೀರಾ?"

ಮರುದಿನ ತೈಪೆಯ ತಂಡದ ಎದುರು ಉಪಾಯ ಕೆಲಸ ಮಾಡಿತು. ಆಟ ಮುಗಿಯುವ ಮುನ್ನ, ಆಗಲೇ ನಾಲ್ಕು ಫೌಲ್ ಮಾಡಿದ್ದ ಚಿಗುಸಾ ಎದುರಾಳಿಯ ಮೇಲೆ ಎಗರಿದಳು, ಇಬ್ಬರೂ ನೆಲಕ್ಕೆ ಬಿದ್ದರು. ಬಿದ್ದವಳು ಕೈ ಎತ್ತುವುದಾದರೂ ಹೇಗೆ? ಪಕ್ಕದಲ್ಲಿದ್ದ ಮಿನೋರಿಯ ಕೈ ಬಾವುಟದ ಕಂಬದಂತೆ ನಿಂತಿತ್ತು. ರೆಫರಿ ಅದನ್ನು ನೋಡಿ, ಅವಳ ನಂಬರನ್ನು ಅಂಕ ಬರೆಯುವ ಮೇಜಿನವರಿಗೆ ಬೆರಳಲ್ಲಿ ತೋರಿಸಿದ. ಚಿಗುಸಾ ಎದ್ದವಳು ಮಿನೋರಿಯ ಬೆನ್ನು ತಟ್ಟಿ, "ಪರ್ವಾಗಿಲ್ಲ ಬಿಡೇ, ಆಗತ್ತೆ" ಎಂದು ಸಮಾಧಾನ ಹೇಳಿದಳು. ಫೌಲ್ ತನ್ನ ಹೆಸರಿಗೆ ಬೀಳಬೇಕಿತ್ತೆಂದು ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಆ ಪಂದ್ಯ ಗೆದ್ದೆವು. ಊಟಕ್ಕೆ ಉದೊನ್ ಶಾವಿಗೆಯ ಅಂಗಡಿಗೆ ಹೋದಾಗ ಮೇಷ್ಟ್ರು ಬಟ್ಟಲಿನಿಂದ ತಲೆಯೆತ್ತದೆ, "ಮಿನೋರಿ, ಇವತ್ತು ನಿನ್ ಕೈ ಬಹಳ ಚುರುಕಾಗಿತ್ತಲ್ಲಮ್ಮ" ಎಂದರು. ಮಿನೋರಿಗೆ ಬಾಯಲ್ಲಿದ್ದ ಶಾವಿಗೆ ನೆತ್ತಿಗೇರಿತು.

ಫೈನಲ್ ಮರುದಿನ, ಕೊರಿಯಾದ ಬುಸಾನ್‌ನವರೊಡನೆ. ಹಡಗಿನಲ್ಲಿ ಬಂದಿದ್ದ ಅವರ ಜೊತೆ ಡೋಲು ಬಾರಿಸುವ ಗೆಳೆಯರ ದಂಡೂ ಬಂದಿತ್ತು. ಅವರ ನಾಯಕಿ ಬೋರಮ್ ತೆಳ್ಳಗಿನ, ಸದಾ ಏನನ್ನೋ ಅಗಿಯುತ್ತಿರುವ ಹುಡುಗಿ. ಒಮ್ಮೆ ನುಗ್ಗಿದಳೆಂದರೆ ತಡೆಯುವುದು ಕಷ್ಟ. ತಡೆಯುವ ಕೆಲಸ ಚಿಗುಸಾಳದು. ಕೊನೆಯ ಕಾಲುಭಾಗ ಶುರುವಾಗುವಾಗ ಅವಳ ಹೆಸರಿನ ಮುಂದೆ ನಾಲ್ಕು ಫೌಲ್ ಬಿದ್ದಿದ್ದವು.

"ನಾಲ್ಕನೇ ನಂಬರಿಗೆ ನಾಲ್ಕು. ಇಲ್ಲಿಗೆ ಚೆನ್ನಾಗಿದೆ, ಇಲ್ಲೇ ನಿಲ್ಸು" ಎಂದೆ ನೀರು ಕೊಡುತ್ತಾ.

"ನಿಲ್ಸೋ ಹಾಗಿದ್ರೆ ಮೊದಲ್ನೇದಕ್ಕೇ ನಿಲ್ಸ್ತಿರ್ಲಿಲ್ವೇನೇ?" ಎಂದು ನಕ್ಕಳು.

ಕೊನೆಯ ನಿಮಿಷದಲ್ಲಿ ನಮಗೆ ಒಂದು ಅಂಕದ ಮುನ್ನಡೆ. ನಮ್ಮ ಬೆಂಚಿನ ಎದುರಿನ ಬುಟ್ಟಿಯತ್ತ ಬೋರಮ್ ನುಗ್ಗಿದಳು. ಚಿಗುಸಾ ಅಡ್ಡ ಬಂದಳು. ಅವಳ ಬೆರಳು ಬೋರಮ್‌ಳ ಮಣಿಕಟ್ಟಿಗೆ ಬಡಿದದ್ದು ನನಗೆ ಕಾಣಿಸಿತು. ಸೀಟಿ ಊದಿತು.

ಚಿಗುಸಾಳ ಕೈ ಮೇಲೆದ್ದಿತು. ಮಿನೋರಿಯ ಕೈ ಎದ್ದಿತು. ಆಚೆ ಮೂಲೆಯಲ್ಲಿದ್ದವಳದೂ ಎದ್ದಿತು, ಬೋರಮ್‌ಳ ಹತ್ತಿರ ಸುಳಿಯದೇ ಇದ್ದ ಇನ್ನೊಬ್ಬಳದೂ ಎದ್ದಿತು. ಟೀಚರ್ ಸುಲಭದ ಪ್ರಶ್ನೆ ಕೇಳಿದ ತರಗತಿಯಂತೆ ಅಂಕಣದ ತುಂಬ ಕೈಗಳು. ರೆಫರಿ ಮನಿಲಾದಿಂದ ಬಂದಿದ್ದ ಉದ್ದನೆಯ ಮನುಷ್ಯ. ಅವನ ಕೈಯೂ ಮೇಲಿತ್ತು. ಆದರೆ ಫೌಲ್‌ಗೆ ರೆಫರಿ ಎತ್ತುವುದು ಬಿಗಿದ ಮುಷ್ಟಿಯನ್ನು. ಇವನು ಎತ್ತಿದ್ದು ಬಿಡಿಸಿದ ಅಂಗೈ. ಅವನು ನಮ್ಮ ನಾಲ್ಕು ಕೈಗಳನ್ನೂ ಒಂದೊಂದಾಗಿ ನೋಡಿ, ನಗು ತಡೆದುಕೊಂಡು, ಎರಡು ಮುಷ್ಟಿಗಳನ್ನು ಎದೆಯ ಮುಂದೆ ಗರಗರ ತಿರುಗಿಸಿದ. ಬೋರಮ್ ಚೆಂಡು ಪುಟಿಸದೆ ಒಂದು ಹೆಜ್ಜೆ ಹೆಚ್ಚು ಹಾಕಿದ್ದಳು. ತಪ್ಪು ಅವಳದು, ಚೆಂಡು ನಮಗೆ.

ಡೋಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

"ಐದನೇಯೋಳು ಯಾಕಮ್ಮ ಎತ್ಲಿಲ್ಲ?" ಎಂದರು ಬೆರಳ ಸಂದಿಯಿಂದ.

"ನಾನು ಆ ತುದೀಲಿದ್ದೆ ಮೇಷ್ಟ್ರೇ" ಎಂದಳು ರಿತ್ಸು, ಅಂಕಣದ ನಡುಗೆರೆ ದಾಟಿ ಓಡಿ ಬರುತ್ತಾ. "ಯಾರೂ ನಂಬ್ತಿರ್ಲಿಲ್ಲ."

ಚಿಗುಸಾ ಮಾತ್ರ ಕೈ ಇಳಿಸಿರಲಿಲ್ಲ. ತನ್ನ ಮಣಿಕಟ್ಟನ್ನು ತಟ್ಟಿ ತೋರಿಸಿ, ತಾನು ಹೊಡೆದೆನೆಂದು ರೆಫರಿಗೆ ಹೇಳಲು ನೋಡಿದಳು. ಅವನು ಇಲ್ಲವೆಂದು ತಲೆಯಾಡಿಸಿದ: ಹೆಜ್ಜೆ ಮೊದಲು, ಹೊಡೆತ ಆಮೇಲೆ. ಆಗ ಅವಳು ಮಿನೋರಿಯತ್ತ ತಿರುಗಿದಳು.

"ನೀನ್ಯಾಕೆ ಎತ್ತಿದೆ?"

"ಅಭ್ಯಾಸ, ಅಕ್ಕಾ."

"ನಿನ್ನೆನೂ ಇದೇ ಅಭ್ಯಾಸಾನಾ?"

ಮಿನೋರಿ ತನ್ನ ಶೂ ನೋಡಿಕೊಂಡಳು. ಚಿಗುಸಾಳ ಮುಖ ಕೆಂಪಾಯಿತು. ಬೈಯುತ್ತಾಳೆಂದುಕೊಂಡೆ. ಅವಳು ಮಿನೋರಿಯ ಜುಟ್ಟು ಹಿಡಿದು ಒಮ್ಮೆ ಅಲ್ಲಾಡಿಸಿದಳು.

"ಇನ್ನೊಂದ್ಸಲ ಯಾರಾದ್ರೂ ನನ್ ಫೌಲ್ ಕದ್ರೆ ಕೈ ಮುರೀತೀನಿ. ನಂದು ನಂಗೇ ಇರ್ಲಿ."

ಆಟ ಮತ್ತೆ ಶುರುವಾಯಿತು. ಗಡಿಯಾರ ನಿಲ್ಲಿಸಲೆಂದು ಬೋರಮ್ ಬಂದು ಚಿಗುಸಾಳನ್ನು ಬೇಕೆಂದೇ ಹಿಡಿದಳು. ಸೀಟಿ ಊದಿದಾಗ ಅವಳು, ಅಗಿಯುವುದನ್ನು ನಿಲ್ಲಿಸದೆ, ನಮ್ಮವರನ್ನು ಅಣಕಿಸುವಂತೆ ತನ್ನ ಕೈಯನ್ನು ನೆಟ್ಟಗೆ ಎತ್ತಿದಳು. ಈ ಸಲ ನಕ್ಕವರು ನಾವು. ಎರಡು ಫ್ರೀ ಥ್ರೋಗಳಲ್ಲಿ ಚಿಗುಸಾ ಒಂದನ್ನು ಹಾಕಿದಳು, ಒಂದು ತಪ್ಪಿತು. ಮುನ್ನಡೆ ಎರಡಾಯಿತು.

ಚೆಂಡು ಬುಸಾನ್‌ನವರ ಕೈಗೆ ಸಿಕ್ಕಿತು. ಬೋರಮ್ ಮತ್ತೆ ಹೊರಟಳು. ನಮ್ಮವರನ್ನೆಲ್ಲ ದಾಟಿ ಬಂದಾಗ ಬುಟ್ಟಿಯ ಮುಂದೆ ಉಳಿದಿದ್ದವಳು ಚಿಗುಸಾ ಒಬ್ಬಳೇ. ಗಡಿಯಾರ ಮುಗಿಯುತ್ತಾ ಬಂದಿತ್ತು. ಕೈ ಕೆಳಗಿಟ್ಟುಕೊಂಡು ಸುಮ್ಮನೆ ನಿಂತರೆ ಸಾಕಿತ್ತು. ಬೋರಮ್ ಚೆಂಡು ಹಾಕುತ್ತಿದ್ದಳು, ಪಂದ್ಯ ಸಮವಾಗುತ್ತಿತ್ತು, ಹಾರ್ನ್ ಊದುವಾಗ ಚಿಗುಸಾ ತಾನು ಬಯಸಿದಂತೆ ಒಳಗೇ ಇರುತ್ತಿದ್ದಳು. ಬೆಂಚಿನಲ್ಲಿ ಕುಳಿತ ನಾನು, ಎಗರಬೇಡ, ಎಗರಬೇಡ ಎಂದು ಒಳಗೊಳಗೇ ಕೇಳಿಕೊಂಡೆ.

ಅವಳು ಎಗರಿದಳು. ಚೆಂಡಿಗೆ ಹೋದ ಕೈ ಬೋರಮ್‌ಳ ತೋಳಿಗೆ ತಾಗಿತು. ಚೆಂಡು ಹೊರಗೆ ಹೋಯಿತು. ಸೀಟಿ, ಈ ಸಲ ಬಿಗಿದ ಮುಷ್ಟಿ.

ಒಂದೇ ಒಂದು ಕೈ ಎದ್ದಿತು. ಮಿನೋರಿಯ ಕೈ ಭುಜದವರೆಗೆ ಬಂದು, ಅಲ್ಲಿ ಏನು ಮಾಡುವುದೆಂದು ತಿಳಿಯದೆ, ಕಿವಿ ಕೆರೆದುಕೊಂಡು ಕೆಳಗಿಳಿಯಿತು.

ಚಿಗುಸಾ ಹೊರಗೆ ಬಂದಳು. ನಾನು ಟವೆಲ್ ಕೊಟ್ಟೆ. ಅದನ್ನು ತಲೆಗೆ ಮುಸುಕು ಹಾಕಿಕೊಳ್ಳಲಿಲ್ಲ, ಹೆಗಲ ಮೇಲೆ ಹಾಕಿಕೊಂಡಳು. ಬೆಂಚಿನಲ್ಲಿ ಕೂರಲೂ ಇಲ್ಲ. ಅಂಕಣದ ಅಂಚಿಗೆ ಹೋಗಿ ನಿಂತಳು.

"ಚಿಗುಸಾ, ಗೆರೆ ತುಳೀತಿದೀಯ" ಎಂದರು ಮೇಷ್ಟ್ರು.

ಅವಳು ಒಂದು ಬೆರಳಷ್ಟು ಹಿಂದೆ ಸರಿದಳು. "ಇಷ್ಟು ಸಾಕಾ ಮೇಷ್ಟ್ರೇ?"

ಮೇಷ್ಟ್ರು ಬಗ್ಗಿ ಅವಳ ಶೂ ತುದಿಯನ್ನೂ ಗೆರೆಯನ್ನೂ ನೋಡಿದರು. "ಸಾಕು."

ಬೋರಮ್‌ಳ ಮೊದಲ ಎಸೆತ ಬುಟ್ಟಿಗೆ ಬಿತ್ತು. ಎರಡನೆಯದು ಉಂಗುರದ ಮೇಲೆ ಸುತ್ತಿ ಸುತ್ತಿ ಹೊರಗೆ ಉರುಳಿತು. ಅಷ್ಟೆಲ್ಲ ಎತ್ತರದವರ ನಡುವೆ ಅದು ಹೇಗೋ ಮಿನೋರಿಗೆ ಸಿಕ್ಕಿತು. ಅವಳು ಚೆಂಡನ್ನು ಹೊಟ್ಟೆಗೆ ಅವಚಿಕೊಂಡು ಮುದುರಿ ಕುಳಿತಳು. ಹಾರ್ನ್ ಊದಿತು, ಒಂದು ಅಂಕದಿಂದ ಕಪ್ ನಮ್ಮದಾಯಿತು. ಬುಟ್ಟಿಯ ಹಿಂದಿನ ಹಲಗೆಯ ಸುತ್ತ ಕೆಂಪು ದೀಪ ಹೊತ್ತಿಕೊಂಡದ್ದನ್ನು ಚಿಗುಸಾ ಕಣ್ಣು ಮಿಟುಕಿಸದೆ ನೋಡಿದಳು.

ಆಮೇಲೆ ಎರಡು ತಂಡಗಳೂ ಸಾಲಾಗಿ ನಿಂತು ಬಗ್ಗಿ ವಂದಿಸಿದವು. ಬೋರಮ್ ನೇರ ಚಿಗುಸಾಳ ಹತ್ತಿರ ಬಂದಳು. ಕೆಂಪಾಗಿದ್ದ ಮಣಿಕಟ್ಟನ್ನು ತೋರಿಸಿ ಕೊರಿಯನ್ ಭಾಷೆಯಲ್ಲಿ ಏನೋ ಅಂದಳು. ನಮಗಾರಿಗೂ ತಿಳಿಯಲಿಲ್ಲ. ನಂತರ ತನ್ನ ಬಲಗೈಯನ್ನು ಮೇಲೆತ್ತಿ ಹಿಡಿದಳು.

ಅದು ಯಾರು ಮಾಡಿದ್ದೆಂದು ಕೇಳುತ್ತಿದ್ದಾಳೆ ಎಂದುಕೊಂಡಳು ಚಿಗುಸಾ. ಗಂಭೀರವಾಗಿ, ಮೇಷ್ಟ್ರು ಕಲಿಸಿದ ಹಾಗೆ, ತೋಳು ಕಿವಿಗೆ ತಾಗುವಂತೆ ತನ್ನ ಕೈಯನ್ನೂ ಎತ್ತಿದಳು.

ಬೋರಮ್ ನಕ್ಕು, ಆ ಅಂಗೈಗೆ ತನ್ನ ಅಂಗೈಯಿಂದ ಫಟ್ಟೆಂದು ಹೊಡೆದಳು.