ಕತ್ತರಿಯ ಹಿಡಿಗೆ ಸುತ್ತಿದ ದಾರ

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಒಬ್ಬರ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಬಟ್ಟೆಯ ಕತ್ತರಿಯಲ್ಲಿ ಯಾರಾದರೂ ಕಾಗದ ಕತ್ತರಿಸಿದರೆ ಅವತ್ತು ಜಗಳ ಗ್ಯಾರಂಟಿ. ಯಾರದು ಯಾವುದೆಂದು ತಿಳಿಯಲಿ ಅಂತ ಪ್ರತಿಯೊಬ್ಬರೂ ಹಿಡಿಗೆ ಒಂದು ಬಣ್ಣದ ದಾರ ಸುತ್ತಿರುತ್ತೇವೆ. ಮೂರು ತಿಂಗಳಿಗೊಮ್ಮೆ ಕತ್ತರಿಗಳೆಲ್ಲ ಸಾಣೆಗೆ ಹೋಗುತ್ತವೆ. ಆಗ ದಾರ ಬಿಚ್ಚುತ್ತಾರೆ, ವಾಪಸ್ ಬಂದ ಮೇಲೆ ನಾವೇ ಹೊಸದು ಸುತ್ತಿಕೊಳ್ಳುತ್ತೇವೆ.

ಮಿಕ್ಕವರು ಕತ್ತರಿ ಕೈಗೆ ಬಂದ ಕೂಡಲೇ ಸುತ್ತುತ್ತಾರೆ. ನಾನು ಹಾಗಲ್ಲ. ಮೊದಲು ಆಸ್ಪತ್ರೆಗೆ ಹೋಗಿ ಮಕ್ಕಳಾಗದ ಸೂಜಿ ಹಾಕಿಸಿಕೊಂಡು ಬಂದು, ಆಮೇಲೆ ಸುತ್ತುತ್ತೇನೆ. ಹಿಡಿ ಬೋಳಾಗಿದ್ದರೆ ಸೂಜಿ ಬಾಕಿ, ದಾರ ಇದ್ದರೆ ನಿಶ್ಚಿಂತೆ. ಹನ್ನೆರಡು ವರ್ಷ ಈ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ಎರಡನೇ ಹೆರಿಗೆಯಲ್ಲಿ ನಾನು ಸತ್ತು ಬದುಕಿದವಳು. ಇನ್ನೊಂದು ಬೇಡವೇ ಬೇಡ ಎಂದು ದೊಡ್ಡ ಡಾಕ್ಟರು ಖಂಡಿತವಾಗಿ ಹೇಳಿದ್ದರು. ಆಪರೇಷನ್ ಮಾತು ಬಂದಾಗ ನಮ್ಮ ಯಜಮಾನರು ನೋಡೋಣ ಎಂದರು. ಆ ನೋಡೋಣ ಇವತ್ತಿಗೂ ಮುಗಿದಿಲ್ಲ. ಗುಳಿಗೆ ನುಂಗುತ್ತಿದ್ದೆ, ಅತ್ತೆಯ ಕೈಗೆ ಸಿಕ್ಕಿ ರಂಪವಾಯಿತು. ಸೂಜಿಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಧೈರ್ಯದ ಮೇಲೆಯೇ ನಾನು ಗುಂಡಿ ಹೊಲಿಯುವ ಕೆಲಸದಿಂದ ಮೇಲೆ ಬಂದು, ಇಡೀ ಕಾರ್ಖಾನೆಯ ಕಟಿಂಗ್ ಮೇಜಿಗೆ ಹಿರಿಯಳಾದೆ. ಸೂಜಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ.

ಈ ಸಲ ಶಾಲೆಗಳು ಶುರುವಾಗುವ ಹೊತ್ತು. ಸಮವಸ್ತ್ರದ ಥಾನುಗಳು ಎದೆಮಟ್ಟ ಬಿದ್ದಿದ್ದವು, ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಸಾಣೆಯಿಂದ ಬಂದ ಕತ್ತರಿ ಎತ್ತಿಕೊಂಡೆ. ಹಿಡಿಯಲ್ಲಿ ನನ್ನ ನೀಲಿ ದಾರ ಅಚ್ಚುಕಟ್ಟಾಗಿತ್ತು. ಕೈ ಅದನ್ನು ನಂಬಿತು, ತಲೆ ಏನೂ ಕೇಳಲಿಲ್ಲ. ಆರು ವಾರ ಕಳೆದ ಮೇಲೆ ಆಸ್ಪತ್ರೆಯ ನರ್ಸು ಫೋನ್ ಮಾಡಿ, "ಯಾಕಮ್ಮ, ಈ ಸಲ ಬರಲೇ ಇಲ್ವಲ್ಲ?" ಎಂದಾಗ ಕತ್ತರಿಯ ಹಿಡಿ ನೋಡಿಕೊಂಡೆ. ಆ ದಾರ ನಾನು ಸುತ್ತಿದ್ದಲ್ಲ.

ದಾರ ಸುತ್ತಿದ್ದು ನಮ್ಮ ಯಜಮಾನರು. ಕಾರ್ಖಾನೆಯ ಮೆಕ್ಯಾನಿಕ್ ಅವರೇ, ಸಾಣೆ ಹಿಡಿಯುವವರೂ ಅವರೇ. ಹೆಂಡತಿಗೆ ಕೆಲಸ ಜಾಸ್ತಿ, ಒಂದಿಷ್ಟು ಹಗುರವಾಗಲಿ ಎಂದು ಪ್ರೀತಿಯಿಂದ ಸುತ್ತಿಟ್ಟಿದ್ದರಂತೆ. ಹನ್ನೆರಡು ವರ್ಷ ಸಾಣೆ ಹಿಡಿದು ಬೋಳು ಕತ್ತರಿ ನನ್ನ ಕೈಗೆ ಕೊಟ್ಟವರು, ಎಲ್ಲರೂ ಅವತ್ತೇ ಸುತ್ತುವಾಗ ನೀನ್ಯಾಕೆ ಎರಡು ದಿನ ಬಿಟ್ಟು ಸುತ್ತುತ್ತೀಯ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅವತ್ತೇ ಆಸ್ಪತ್ರೆಗೆ ಓಡಿದೆ. ನರ್ಸು ಮೊದಲು ಬಸುರಿನ ಪರೀಕ್ಷೆ ಮಾಡಬೇಕೆಂದು ಪುಟ್ಟ ಡಬ್ಬಿ ಕೊಟ್ಟಳು. ನನಗೆ ನಲವತ್ತಾರು, ಮಗಳು ಕಾಲೇಜಿನಲ್ಲಿದ್ದಾಳೆ. ಕಾರಿಡಾರಿನ ಬೆಂಚಿನ ಮೇಲೆ ಕೂತ ಆ ಐದು ನಿಮಿಷದಲ್ಲಿ ಹಳೆಯ ಹೆರಿಗೆಯ ರಕ್ತ, ಅತ್ತೆಯ ಮುಖ, ನನ್ನ ಕಟಿಂಗ್ ಮೇಜು ಎಲ್ಲ ಕಣ್ಣ ಮುಂದೆ ಬಂದವು. ಬಸುರಿಲ್ಲ ಎಂದಳು ನರ್ಸು. ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಟ್ಟು ಮನಸಾರೆ ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಬಂದದ್ದು ಇಳಿಯಲಿಲ್ಲ.

ಡಾಕ್ಟರಮ್ಮ ನನ್ನ ಮೂಳೆಯ ಸ್ಕ್ಯಾನ್ ತೆಗೆದು ತೋರಿಸಿದರು. ಇಷ್ಟು ವರ್ಷದ ಸೂಜಿಯಿಂದ ಮೂಳೆ ಸವೆದಿದೆ, ಈ ವಯಸ್ಸಿನಲ್ಲಿ ಸೂಜಿ ಬಿಟ್ಟು ಬೇರೆ ದಾರಿ ಹಿಡಿಯುವುದು ಒಳ್ಳೆಯದು ಎಂದರು. ಮುಟ್ಟು ನಿಂತು ಯಾವ ಕಾಲವಾಯಿತು, ಇನ್ನು ಬೇರೆ ದಾರಿ ಯಾಕೆ ಎಂದೆ. ಅದು ಸೂಜಿಯಿಂದ ನಿಂತಿದ್ದೋ ವಯಸ್ಸಿನಿಂದ ನಿಂತಿದ್ದೋ ಈಗಲೇ ಹೇಳಲಾಗದು, ಇನ್ನೂ ಕೆಲವು ವರ್ಷ ಎಚ್ಚರ ಬೇಕು ಎಂದರು. ಒಳಗೆ ಕಾಪರ್-ಟಿ ಇಡಬಹುದು, ನನಗೆ ಆಪರೇಷನ್ ಮಾಡಬಹುದು, ಬೇರೆ ಗುಳಿಗೆ ಕೊಡಬಹುದು ಎಂದು ಒಂದೊಂದಾಗಿ ವಿವರಿಸಿದರು. ಡಾಕ್ಟರಮ್ಮ ಚಿಕ್ಕ ಹುಡುಗಿ, ಒಳ್ಳೆಯವಳೇ. ಆದರೆ ಎಲ್ಲ ದಾರಿಯೂ ನನ್ನ ಮೈಮೇಲೆಯೇ ಹಾದುಹೋಗುತ್ತಿತ್ತು.

"ಇದರಲ್ಲಿ ನನ್ನ ಗಂಡನ ಪಾಲು ಎಲ್ಲಿದೆ ಡಾಕ್ಟ್ರೇ?" ಎಂದೆ.

ಅವರು ಪೆನ್ನು ಕೆಳಗಿಟ್ಟು ನಕ್ಕರು. ಗಂಡಸರ ಆಪರೇಷನ್ ಎಲ್ಲಕ್ಕಿಂತ ಸಣ್ಣದು, ಅರ್ಧ ಗಂಟೆಯ ಕೆಲಸ, ಅವತ್ತೇ ಮನೆಗೆ ಹೋಗಬಹುದು, ಆದರೆ ಸಾಮಾನ್ಯವಾಗಿ ಯಾರೂ ಬರುವುದಿಲ್ಲ ಎಂದರು. ಮಾಡಿಸಿದ ಮೇಲೂ ಮೂರು ತಿಂಗಳು ಕಾದು, ಪರೀಕ್ಷೆ ಮಾಡಿಸಿ, ಎಲ್ಲ ಸರಿ ಎಂದು ಖಾತ್ರಿಯಾಗಬೇಕಂತೆ. ಹಾಗಾದರೆ ಆ ಮೂರು ತಿಂಗಳಿಗೆ ಕೊನೆಯದೊಂದು ಸೂಜಿ ಹಾಕಿ, ಅವರನ್ನು ಇದೇ ಶುಕ್ರವಾರಕ್ಕೆ ಬರೆದುಕೊಳ್ಳಿ ಎಂದೆ. ಸ್ವಲ್ಪ ಯೋಚಿಸಿ ಒಪ್ಪಿಕೊಂಡರು. ಮೂರು ವಾರ ಬಿಟ್ಟು ಇನ್ನೊಂದು ಪರೀಕ್ಷೆಗೆ ಬರಲೇಬೇಕೆಂದು ನನಗೂ ತಾಕೀತು ಮಾಡಿದರು.

ಸಂಜೆ ಊಟದ ಮೇಜಿನ ಮೇಲೆ ಯಜಮಾನರು ಒಂದು ಮೋಟಾರು ಬಿಚ್ಚಿ ಹರಡಿಕೊಂಡಿದ್ದರು. ಒಬ್ಬರೇ ಮಷೀನು ಎತ್ತಿ ಹೆಗಲ ಮೇಲಿಟ್ಟುಕೊಳ್ಳುವ ಆಳು, ಮಗಳಿಗೆ ಲಸಿಕೆ ಚುಚ್ಚುವಾಗ ಮೂರ್ಛೆ ಹೋಗಿದ್ದರು. ಎದುರಿಗೆ ಕೂತು ದಾರದ ಕಥೆ, ಪರೀಕ್ಷೆಯ ಕಥೆ, ಮೂಳೆಯ ಕಥೆ ಎಲ್ಲ ಹೇಳಿದೆ.

"ಸೂಜಿ ವಿಷ್ಯ ಗೊತ್ತಿತ್ತು ಕಣೇ, ದಾರಕ್ಕೆ ಇಷ್ಟೆಲ್ಲ ಅರ್ಥ ಇದೆ ಅಂತ ಗೊತ್ತಿರಲಿಲ್ಲ."

"ಕೇಳಿದ್ರೆ ಹೇಳ್ತಿದ್ದೆ."

ಗಂಡಸರ ಆಪರೇಷನ್ ಮಾತೆತ್ತಿದೆ. ಭಾರ ಎತ್ತುವ ಕೆಲಸ, ನಿಶ್ಶಕ್ತಿಯಾದರೆ ಏನು ಗತಿ ಎಂದರು. ಈ ವಯಸ್ಸಿನಲ್ಲಿ ಜನ ನಗುತ್ತಾರೆ ಎಂದರು. ಕೊನೆಗೆ ಮತ್ತದೇ ನೋಡೋಣ ಎಂದರು.

"ನೋಡಿದ್ದು ಸಾಕು ರೀ. ಹನ್ನೆರಡು ವರ್ಷ ನಾನು ಚುಚ್ಚಿಸ್ಕೊಂಡೆ, ನನ್ನ ಮೂಳೆ ಸವೀತು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನೀವು ಅಲ್ಲಿರಬೇಕು. ಇಲ್ಲಾಂದ್ರೆ ನಾನು ಇನ್ಮೇಲೆ ಮಗಳ ಕೋಣೇಲಿ ಮಲಗ್ತೀನಿ. ಸಿಟ್ಟಿನ ಮಾತಲ್ಲ ಇದು, ನಿಜವಾಗ್ಲೂ ಹೇಳ್ತಿದೀನಿ."

ನಾನು ಚೀಲದಿಂದ ಕತ್ತರಿ ತೆಗೆದು, ಆ ನೀಲಿ ದಾರ ಬಿಚ್ಚಿ, ಅವರ ದೊಡ್ಡ ಸ್ಕ್ರೂಡ್ರೈವರಿನ ಹಿಡಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದೆ. ಕೆಲಸ ಮುಗಿಸಿ ಬಂದ ದಿನ ಬಿಚ್ಚಿಕೊಳ್ಳಿ ಎಂದೆ.

ಮರುದಿನ ಕಾರ್ಖಾನೆಯಲ್ಲಿ ಹತ್ತು ನಿಮಿಷವೂ ಆಗಿರಲಿಲ್ಲ, ಗುಂಡಿ ಹೊಲಿಯುವವಳು ಕೇಳಿದಳು, ಇಸ್ತ್ರಿಯವನು ಕೇಳಿದ, ಮ್ಯಾನೇಜರು ಕೂಡ ನಿಂತು ಕೇಳಿದರು: ಏನಣ್ಣ ಇದು, ಸ್ಕ್ರೂಡ್ರೈವರಿಗೂ ದಾರ? ನನ್ನ ಕತ್ತರಿಯನ್ನು ಇಷ್ಟು ವರ್ಷ ಒಬ್ಬರೂ ಕೇಳಿರಲಿಲ್ಲ. ಯಜಮಾನರು ನನ್ನತ್ತ ನೋಡಿದರು. ಏನಾದರೂ ಸುಳ್ಳು ಹೇಳಿ ಕಾಪಾಡು ಎನ್ನುವ ಆ ನೋಟ ನನಗೆ ಚೆನ್ನಾಗಿ ಗೊತ್ತು. ನಾನು ಬೋಳು ಕತ್ತರಿಯನ್ನು ಬಟ್ಟೆಗೆ ಹಾಕಿ ಸುಮ್ಮನೆ ಕತ್ತರಿಸುತ್ತ ಹೋದೆ.

ಮಷೀನುಗಳ ಸದ್ದು ಒಂದು ಕ್ಷಣ ಕಮ್ಮಿಯಾಯಿತು. ಅವರು ಮ್ಯಾನೇಜರ ಕಡೆ ತಿರುಗಿದರು.

"ಶುಕ್ರವಾರ ನಂಗೆ ರಜಾ ಬೇಕು ಸಾರ್," ಎಂದರು. "ಆಪರೇಷನ್ ಇದೆ. ಮಕ್ಕಳಾಗದ ಹಾಗೆ. ನನಗೇ."